ಬ್ರೇಕಿಲ್ಲದ ಮೋಟಾರಿನ ಯಲ್ಲಾರಿ

ಗೋಕಾಕದ ಆದಿನಾಥ ಸಾವಕಾರರ ಬಾಡಿಗೆ ಮೋಟಾರಿಗೆ ಬ್ರೇಕು ಹಿಡಿಯುತ್ತಿಲ್ಲವೆಂದು ಡ್ರೈವರ್ ಯಲ್ಲಾರಿ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. "ತುಸು ಮುಂದ ಹೋಗಿ ನಿಂದರತೈತಿ. ನಿಂದರೂದಂತೂ ಖರೆ ಅಲ್ಲ?" ಎಂಬುದು ಸಾವಕಾರರ ಉತ್ತರ. ಐವತ್ತೆಂಟನೇ ಇಸವಿಯಲ್ಲಿ ಗಾಡಿಗಳನ್ನು ಪರೀಕ್ಷಿಸಿ ಸಹಿ ಹಾಕುವ ಪಾಸಿಂಗ್ ಸಾಹೇಬ ಊರಿಗೆ ಬಂದು ಒಂದೊಂದೇ ಗಾಡಿ ಓಡಿಸಲು ಹೇಳಿದಾಗ, ಯಲ್ಲಾರಿ ಬ್ರೇಕು ತುಳಿದರೂ ಇದು ನಿಲ್ಲಬೇಕಾದ ಸುಣ್ಣದ ಗೆರೆ ದಾಟಿ, ಸಾಹೇಬನ ಕುರ್ಚಿಯನ್ನೂ ದಾಟಿ, ಹುಣಸೆ ಮರದ ಬುಡಕ್ಕೆ ಹೋಗಿ ನಿಂತಿತು. ಸಾಹೇಬ ಬೈದದ್ದು ಯಾರಿಗೆ? ಯಲ್ಲಾರಿಗೆ. "ಮಂದೀನ ಕೊಲ್ಲಾಕ ಹೊಂಟಿಯೇನಲೇ?" ಎಂದ. ಪಕ್ಕದಲ್ಲೇ ನಿಂತಿದ್ದ ಸಾವಕಾರರು ಹೌದ್ಹೌದೆಂದು ತಲೆಯಾಡಿಸಿದರು. ಯಲ್ಲಾರಿಗೆ ಮೈಯೆಲ್ಲ ಉರಿದುಹೋಯಿತು.

ಗಾಡಿ ಫೇಲಾಯಿತು. ರಿಪೇರಿಗೆಂದು ಹುಕ್ಕೇರಿಯ ಗ್ಯಾರೇಜಿಗೆ ಒಯ್ಯಬಹುದು, ಆದರೆ ಡ್ರೈವರನ ಹೊರತು ಒಂದು ನರಪಿಳ್ಳೆಯೂ ಒಳಗಿರಕೂಡದು, ಇದ್ದರೆ ಲೈಸೆನ್ಸ್ ಕಿತ್ತುಕೊಳ್ಳುತ್ತೇನೆ ಎಂದು ಸಾಹೇಬ ಎಚ್ಚರಿಸಿದ. ಸಾವಕಾರರಿಗೆ ಅಂಗಡಿಯಿತ್ತು, ಅರಳೆಯ ವ್ಯಾಪಾರವಿತ್ತು. ಯಲ್ಲಾರಿಗೆ ಇದ್ದದ್ದು ಆ ಲೈಸೆನ್ಸೊಂದೇ. ಯುದ್ಧದ ಕಾಲಕ್ಕೆ ಮಿಲಿಟರಿ ಸೇರಿ ಲಾರಿ ಕಲಿತು ಬಂದವನು. ಊರ ಹೊರಗಿನ ಅವನ ಕೇರಿಗೆಲ್ಲ ಅವನೇ ಮೊದಲ ಡ್ರೈವರು. ಲೈಸೆನ್ಸ್ ಹೋದರೆ ಅಪ್ಪನ ಹಾಗೆ ಗೌಡರ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕು. ಹಾಗೆ ನಿಲ್ಲುವುದಿಲ್ಲವೆಂದು ಅವನು ಎಂದೋ ಗಟ್ಟಿ ಮಾಡಿಕೊಂಡಿದ್ದ.

ಆದರೆ ಗಾಡಿ ಖಾಲಿ ಹೋಗುವುದೆಂದರೆ ನಮ್ಮ ಸೀಮೆಯವರಿಗೆ ಹೊಟ್ಟೆ ಸಂಕಟ. ಚಕ್ಕಡಿಯಿರಲಿ, ಮೋಟಾರಿರಲಿ, ಹೊರಟಿತೆಂದರೆ ಯಾರಾದರೂ ಹತ್ತಲೇಬೇಕು, ಒಂದು ಗಂಟನ್ನಾದರೂ ಹೇರಲೇಬೇಕು. ಯಲ್ಲಾರಿ ಸಾವಕಾರರ ಮನೆ ಮುಂದೆ ಗಾಡಿ ನಿಲ್ಲಿಸಿ ನೀರು ತರಲು ಹೋಗಿ ಬರುವಷ್ಟರಲ್ಲಿ ಅವರ ತಾಯಿ ಜಿನ್ನವ್ವ ತುಪ್ಪದ ಗಡಿಗೆಯೊಂದಿಗೆ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು.

"ಅವ್ವಾರ, ಇಳೀರಿ. ಇದಕ್ಕ ಬ್ರೇಕಿಲ್ಲ."

"ಹೆಂಗೂ ಹುಕ್ಕೇರಿಗಿ ಹೊಂಟೈತೆಲ್ಲೋ. ಮಗಳ ಮನಿ ಅಲ್ಲೇ ಐತಿ. ಸಾವಕಾಶ ಹೊಡಿ."

"ಗಾಡಿ ನಂದು, ಅವ್ವ ನನ್ನಾಕಿ. ನಡುವ ನಿಂದೇನೋ?" ಎಂದರು ಸಾವಕಾರರು.

"ಲೈಸೆನ್ಸ್ ನಂದ್ರೀ," ಎಂದ ಯಲ್ಲಾರಿ, ಕೀಲಿಕೈ ತೆಗೆದು ಅವರ ಮುಂದೆ ಹಿಡಿದ. "ಒಯ್ಯಬೇಕಂದ್ರ ನೀವ ಹೊಡಕೊಂಡು ಹೋಗ್ರಿ."

ಸಾವಕಾರರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಜಿನ್ನವ್ವ ಗಡಿಗೆ ಎತ್ತಿಕೊಂಡು ಇಳಿದಳು. "ಕೇರಿಯಾಂವ ನನ್ನ ಗಾಡ್ಯಾಗಿಂದ ನನ್ನ ಇಳಿಸಿದ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಎಂಥ ಮಾತು ನೋಡಿ! ವರ್ಷಗಟ್ಟಲೆ ಇದೇ ಯಲ್ಲಾರಿ ಅವಳನ್ನು ಬಸದಿಗೆ, ಬೀಗರ ಮನೆಗೆ ಕರೆದೊಯ್ದಿದ್ದ. ಅವನು ಕುಡಿಯಲು ಕೇಳಿದರೆ ಮಾತ್ರ ಮನೆಯವರು ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಜೀವವನ್ನು ಅವನ ಕೈಗೆ ಕೊಟ್ಟು ಕೂರುವಾಗ ಇಲ್ಲದ ಮೈಲಿಗೆ ಒಂದು ತಂಬಿಗೆ ನೀರಿಗಿತ್ತು.

ದಾರಿಯುದ್ದಕ್ಕೂ ಅದೇ ಕಾಟ. ಖಾಲಿ ಗಾಡಿ ಕಂಡವರೆಲ್ಲ ಕೈ ಮಾಡಿದರು. ನಿಲ್ಲದಿದ್ದಾಗ ಅವನಿಗೆ ಸೊಕ್ಕು ಬಂದಿದೆ ಎಂದರು. ಒಂದು ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ಯಲ್ಲಾರಿ ಬ್ರೇಕು ತುಳಿದ, ಪಾದ ನೆಲ ಮುಟ್ಟಿತು, ಗಾಡಿ ಮಾತ್ರ ಓಡುತ್ತಲೇ ಇತ್ತು. ಪಕ್ಕದ ಮಣ್ಣಿನ ದಿಬ್ಬಕ್ಕೆ ತಿರುಗಿಸಿ ಗುದ್ದಿದ. ಮುಂದಿನ ಮಡ್‌ಗಾರ್ಡು ನೆಗ್ಗಿಹೋಯಿತು. ಹಿಂದಿನ ಸೀಟು ಬುಡಸಮೇತ ಕಿತ್ತು ಮುಂದಕ್ಕೆ ಬಂದು ಬಿದ್ದಿತ್ತು. ಅದರ ಮೇಲೆ ಮುದುಕಿ ಕೂತಿದ್ದರೆ ಏನಾಗುತ್ತಿತ್ತೆಂದು ನೆನೆದು ಅವನಿಗೆ ಸಿಟ್ಟು ಬಂತು. ಸೀಟನ್ನು ಹಿಂದಕ್ಕೆ ತಳ್ಳಿ, ಸಣ್ಣ ಗೇರಿನಲ್ಲೇ ಗಾಡಿಯನ್ನು ಹುಕ್ಕೇರಿ ಮುಟ್ಟಿಸಿದ.

ಹುಕ್ಕೇರಿಯಲ್ಲಿ ಮಿಸ್ತ್ರಿ ಕೆಲಸ ಮುಗಿಸುವ ತನಕ ಯಲ್ಲಾರಿ ಗ್ಯಾರೇಜು ಬಿಟ್ಟು ಕದಲಲಿಲ್ಲ. ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಟ್ಟ, ಗಾಲಿ ಬಿಚ್ಚಿದ, ಸೀಟು ತಾನೇ ಬಿಗಿದ. ಪಾಸಿಂಗ್ ಸಾಹೇಬ ಅಲ್ಲಿಗೆ ಬಂದ ದಿನ ಗಾಡಿ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಸಾಹೇಬ ಸಹಿ ಹಾಕಿದ.

ಸಾವಕಾರರು ಬಸ್ಸಿನಲ್ಲಿ ಬಂದಿಳಿದರು. ಜೊತೆಗೆ ಜಿನ್ನವ್ವ, ಅವಳ ಹಿಂದೆ ಶೆಟ್ಟೆಪ್ಪನೆಂಬ ಹೊಸ ಡ್ರೈವರು.

"ನೀ ಇಳಿಸಿದ್ದು ಅವ್ವನ ಮನಸ್ಸಿಗಿ ಭಾಳ ಹತ್ತೇತಿ," ಎಂದರು ಸಾವಕಾರರು ನೆಲ ನೋಡುತ್ತ. "ಕೀಲಿಕೈ ಕೊಡು."

"ಬ್ರೇಕಿಲ್ಲದಾಗ ಹೊಡ್ಯಾಕ ನಾ ಬೇಕಾದ್ನಿ. ಬ್ರೇಕ್ ಬಂದ ಮ್ಯಾಲ ಬ್ಯಾಡಾದ್ನೇನ್ರಿ?"

ಸಾವಕಾರರು ಕೀಲಿಕೈಗೆ ಕೈ ಚಾಚಿದರು. ಯಲ್ಲಾರಿ ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ. ಶೆಟ್ಟೆಪ್ಪ ಬಾಗಿಲು ತೆರೆದು ನಿಂತ. ಜಿನ್ನವ್ವ ಒಂದು ಕಾಲು ಒಳಗಿಟ್ಟವಳು ಹಾಗೇ ನಿಂತಳು. ಹೊಸ ಡ್ರೈವರನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು.

"ಏ ಯಲ್ಲಾರಿ," ಎಂದು ಕೂಗಿದಳು, "ಬ್ರೇಕ್ ಖರೇನ ಹಿಡೀತೈತೇನೋ?"

ಯಲ್ಲಾರಿ ತಿರುಗಿ ನಿಂತ.

"ಹಿಡೀತೈತ್ರಿ, ಅವ್ವಾರ. ಆದ್ರ ಕೇರಿಯಾಂವನ ಮಾತು ನಂಬಿ ಹತ್ತತೀರೇನ್ರಿ?"

ಜಿನ್ನವ್ವ ಇನ್ನೊಂದು ಕಾಲನ್ನೂ ಒಳಗಿಟ್ಟು ಗಾಡಿ ಹತ್ತಿ ಕೂತಳು.