ಪದ್ಮಕ್ಕ ಸತ್ತದ್ದು ಉಪವಾಸದಿಂದಲ್ಲ

ಸುಮತಿ, ನಿನ್ನ ತಾಯಿ ಉಪವಾಸದಿಂದ ಸಾಯಲಿಲ್ಲ. ನಾನು ಮುಚ್ಚಿಸಿದ ಕಿಟಕಿಗಳಿಂದ ಸತ್ತಳು — ಅದು ನನಗೆ ಅವತ್ತೇ ಗೊತ್ತಿತ್ತು.

ಮಹಾರಾಷ್ಟ್ರ ರಾಜ್ಯವಾದ ಮರುವರ್ಷದ ಭಾದ್ರಪದ. ಇಚಲಕರಂಜಿಯ ಪವರ್‌ಲೂಮ್ ಕಾರಖಾನೆಯೊಂದರಲ್ಲಿ ನಾನು ಮೇಸ್ತ್ರಿ. ಪದ್ಮಕ್ಕ ನೇಯ್ದ ಬಟ್ಟೆಯ ಮೇಲಿನ ಎಣ್ಣೆ ಕಲೆ ತೆಗೆಯುವವಳು. ಅದಕ್ಕೆ ಮುಂಬಯಿಯಿಂದ ತಗಡಿನ ಡಬ್ಬಿಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಬರುತ್ತಿತ್ತು. ನಾವು ಅದನ್ನು ‘ಔಷಧ’ ಅನ್ನುತ್ತಿದ್ದೆವು — ಎಂಥ ಔಷಧ! ಇದರ ಆವಿ ವಿಷ, ಗಾಳಿಯಾಡುವಲ್ಲೇ ಬಳಸಿ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಇಡೀ ಕಾರಖಾನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಮ್ಯಾಟ್ರಿಕ್ ಪಾಸಾದ ಜಂಬ ಬೇರೆ. ಓದಿಯೂ ಕಿಟಕಿ ಮುಚ್ಚಿಸಿದೆ. ಡಬ್ಬಿಗಳು ಬೇಗ ಖಾಲಿಯಾಗುತ್ತವೆ ಎಂದು ಮಾಲೀಕರು ಗೊಣಗಿದ್ದರು. ಗಾಳಿ ತಡೆದರೆ ಔಷಧ ಹಾರಿಹೋಗುವುದಿಲ್ಲ ಅನ್ನುವ ಬುದ್ಧಿ ನನ್ನದೇ. ನೀರು ಸೋಸಿ ಕುಡಿಯುವ, ಇರುವೆ ಕಂಡರೆ ದಾಟಿ ನಡೆಯುವ ಧರ್ಮಾತ್ಮರು ನಾವಿಬ್ಬರೂ, ಮಾಲೀಕರೂ ನಾನೂ. ಥೂ.

ನಮ್ಮ ಜೈನರ ದಶಲಕ್ಷಣ ಪರ್ವ ಬಂತು. ಪದ್ಮಕ್ಕ ಹತ್ತು ದಿನ ಬರೀ ಕಾಯಿಸಿದ ನೀರಿನ ಮೇಲೆ ಉಪವಾಸ ಹಿಡಿದಳು. ವಿಧವೆ, ಕೆಲಸ ಬಿಡುವಂತಿರಲಿಲ್ಲ. ನಾಲ್ಕನೆಯ ದಿನ ವಾಂತಿ ಮಾಡಿಕೊಂಡಳು.

“ಅಣ್ಣಾ, ಆ ವಾಸನಿಗಿ ತಲಿ ತಿರಗಾಕತ್ತೈತ್ರಿ. ಒಂದ ಖಿಡಕಿ ತಗೀಲೇನ್ರಿ?”

“ವಾಸನೀದಲ್ಲ ಪದ್ಮಕ್ಕಾ, ಅದು ಉಪಾಸದ ಪಿತ್ತ,” ಅಂದೆ ನಾನು.

ನಂಬಿದಳು. ಉಳಿದ ಹೆಂಗಸರೂ ನಂಬಿ ಆಕೆಯ ಕಾಲಿಗೆ ನಮಸ್ಕರಿಸಿದರು. ಕಣ್ಣು ಹಳದಿಯಾದಾಗ ತಪಸ್ಸಿನ ಕಳೆ ಎಂದರು — ಆ ಮೂಢತನ ನನಗೆಷ್ಟು ಅನುಕೂಲವಾಯಿತು! ಕೊಲ್ಹಾಪುರದ ಆಸ್ಪತ್ರೆಗೆ ಒಯ್ದಾಗ ಮೂತ್ರವೇ ನಿಂತಿತ್ತು. ಈಕೆ ಏನು ಕೆಲಸ ಮಾಡುತ್ತಾಳೆ, ಯಾವುದಾದರೂ ರಾಸಾಯನಿಕ ಮುಟ್ಟುತ್ತಾಳೆಯೇ ಎಂದು ಡಾಕ್ಟರರು ಮರಾಠಿಯಲ್ಲಿ ಎರಡು ಸಲ ಕೇಳಿದರು. ಬಟ್ಟೆ ಮಡಚುತ್ತಾಳೆ, ಅಷ್ಟೇ — ಎರಡೂ ಸಲ ಅದನ್ನೇ ಹೇಳಿದೆ. ನೌಕರಿಯ ಭಯ ಅನ್ನಬಹುದಿತ್ತು... ಬೇಡ. ಹೇಡಿಗೆ ಹೇಡಿ ಅನ್ನುವುದೇ ಸರಿ.

ಬಸದಿಯ ಸಭೆಯಲ್ಲಿ ಆಕೆಯದು ಪುಣ್ಯಮರಣವೆಂದು ಭಾಷಣ ಬಿಗಿದವನೂ ನಾನೇ. ಎಂಟು ವರ್ಷದ ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಜನ ನಿನ್ನ ತಲೆ ಸವರಿ ಭಾಗ್ಯವಂತೆ ಅಂದರು.

ಈಗ ನಿನ್ನ ಮಗಳು ಅಜ್ಜಿಯ ಹೆಸರಲ್ಲಿ ಅದೇ ಹತ್ತು ದಿನದ ಉಪವಾಸ ಹಿಡಿಯುತ್ತಾಳಂತೆ. ಪಾರಣೆಯ ದಿನ ಅಜ್ಜಿಯ ಬಗ್ಗೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದೀ. ಇದನ್ನು ಓದಿದ ಮೇಲೂ ಕರೆದರೆ, ಬಂದು ಎಲ್ಲರೆದುರು ಇದನ್ನೇ ಓದುತ್ತೇನೆ. ಪುಣ್ಯಮರಣದ ಕತೆಗೆ ಹೊಂದುವುದಿಲ್ಲವೆಂದು ಇಷ್ಟು ವರ್ಷ ನುಂಗಿಕೊಂಡ ಇನ್ನೊಂದನ್ನೂ ಹೇಳುತ್ತೇನೆ — ಪರ್ವದ ಎಂಟನೆಯ ದಿನ, ಆಸ್ಪತ್ರೆಯಲ್ಲಿ, ನಿನ್ನ ತಾಯಿ ನನ್ನ ಕೈ ಹಿಡಿದು ಗಂಜಿ ಕೇಳಿದಳು.

“ಉಪಾಸ ಮುರೀತೇನ್ರಿ ಅಣ್ಣಾ. ನನ್ನ ಕೂಸಿಗಿ ನಾ ಬೇಕು.”

ಉಪವಾಸ ಮುರಿದರೆ ನನ್ನ ಸುಳ್ಳಿಗೆ ಆಸರೆ ಉಳಿಯುತ್ತಿರಲಿಲ್ಲ. ನಾನು ಗಂಜಿ ತರಲಿಲ್ಲ, ಸುಮತಿ.