ಏಳು ಪದಕ, ಒಂದು ಕರಡಿಗೆ

ಮೊಬೈಲಿನಲ್ಲಿ ಹಳೆಯ ಪದಕ ಕೊಳ್ಳುವವರಿಗೆ ನನ್ನ ಮೊದಲ ಬುದ್ಧಿಮಾತು ಇದು: ನೀವು ಕೇಳಿದ ಬೆಲೆಗೆ ಮಾರುವವನು ಒಂದೇ ಸಲಕ್ಕೆ ಒಪ್ಪಿಕೊಂಡರೆ ಮೊಬೈಲನ್ನು ಕೆಳಗಿಟ್ಟು ಕಾಫಿ ಕುಡಿಯಲು ಹೋಗಿ. ನಾನು ಹೋಗಲಿಲ್ಲ. ನನ್ನ ಚೌಕಾಸಿಗೆ ಅವನು ಸೋತ ಅಂದುಕೊಂಡು ಮೀಸೆ ಸವರಿಕೊಂಡೆ.

ನನ್ನ ಕಸುಬು ಹಳೆ ಜರಿ ಸೀರೆ ಕೊಳ್ಳುವುದು. ಪೆಟ್ಟಿಗೆಯ ತಳದಲ್ಲಿ ಮಡಿಕೆ ಮಡಿಕೆಯಲ್ಲೂ ಸೀಳಿಹೋದ ರೇಷ್ಮೆ ಸೀರೆ ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಆ ರೇಷ್ಮೆ ಯಾರಿಗೂ ಬೇಡ. ಆದರೆ ಅಂಚು, ಸೆರಗಿನ ಜರಿಯಲ್ಲಿ ಬೆಳ್ಳಿ ಇರುತ್ತದೆ. ಸುಟ್ಟು ಕರಗಿಸಿದರೆ ಗಟ್ಟಿಯಾಗಿ ಕೈಗೆ ಬರುತ್ತದೆ. ಮೊದಲು ಸೈಕಲ್ಲಿನಲ್ಲಿ ಹನೂರಿನಿಂದ ಯಳಂದೂರಿನವರೆಗೆ ಕೂಗಿಕೊಂಡು ತಿರುಗುತ್ತಿದ್ದೆ. ಈಗ ಕೊಳ್ಳೇಗಾಲದಲ್ಲಿ ಸ್ವಂತ ಅಂಗಡಿ ಇದೆ. ಯಾರೂ ಕೂರಿಸಿಕೊಂಡು ಕಲಿಸಿದ ವಿದ್ಯೆಯಲ್ಲ. ಜರಿಯ ಒಂದೆಳೆ ಕಿತ್ತು ಒರಟು ಕಲ್ಲಿಗೆ ಉಜ್ಜುತ್ತೇನೆ. ಮೇಲಿನ ಹೊನ್ನಬಣ್ಣ ಸವೆದ ಮೇಲೆ ಬಿಳಿ ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ಇನ್ನೊಂದು ಸೂತ್ರ, ಕಪ್ಪಾಗಿ ಇದ್ದಿಲಿನಂತಾದ ಜರಿಯನ್ನು ಮುಟ್ಟಬಾರದು. ಅದು ತಾಮ್ರದ ನಕಲಿ. ಈ ಎರಡು ಮಾತಿನ ಮೇಲೆ ಮನೆ ಕಟ್ಟಿಸಿದ್ದೇನೆ, ಬಾವಿ ತೋಡಿಸಿದ್ದೇನೆ, ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಟ್ಟಿದ್ದೇನೆ.

ಅಗರದಲ್ಲಿರುವ ನನ್ನ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ಹುಡುಗಿಗೆ ದೀಕ್ಷೆ ಕೊಡಿಸುವುದು ನಮ್ಮ ಮನೆತನದ ಪದ್ಧತಿ. ಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿ ಕರಡಿಗೆಯನ್ನು ಆವತ್ತು ಸೋದರಮಾವನೇ ತರಬೇಕು. ಅಕ್ಕ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ನಾನು ಲೋಟ ಕೆಳಗಿಡುವವರೆಗೂ ಕಾದು ಹೇಳಿದಳು:

"ನೋಡ್ಲಾ, ನನ್ ತಮ್ಮ ಗಟ್ಟಿ ಬೆಳ್ಳೀದೇ ತತ್ತಾನೆ ಅಂತ ಬೀಗ್ರು ಮುಂದೆ ಏಳ್ಬುಟ್ಟಿವ್ನಿ. ಊರೋರ್ ತಾವ ಮಾಡ್ದಂಗೆ ನನ್ ತಾವ ಯಾಪಾರ ಮಾಡ್ಬೇಡ."

ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ನಮ್ಮಪ್ಪ ತೀರಿಕೊಂಡ ಮೇಲೆ ನನಗೆ ಉಣ್ಣಲಿಕ್ಕಿ ಬೆಳೆಸಿದವಳು ಅವಳೇ. ಬೀಗರೆದುರಿಗೆ ಅವಳ ತಲೆ ತಗ್ಗಿದರೆ ನಾನು ಮತ್ತೆ ಆ ಹೊಸಿಲು ತುಳಿಯುವ ಹಾಗಿರಲಿಲ್ಲ.

ಒಪ್ಪಿಕೊಂಡದ್ದೇನೋ ನಿಜ, ಆದರೆ ಬೆಳ್ಳಿ ಬೆಲೆ ಆಗ ಮರ ಹತ್ತಿ ಕೂತಿತ್ತು. ಹುಟ್ಟಿದಾಗಿನಿಂದ ಯಾವುದನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ ನಾನು. ಹಾಗೆ ಯೋಚಿಸುತ್ತಿರುವಾಗಲೇ ಮೊಬೈಲಿನಲ್ಲಿ ಆ ಜಾಹೀರಾತು ಕಂಡಿತು. ಹಳೆಯ ಬೆಳ್ಳಿ ಪದಕಗಳು, ಸಂಗ್ರಹಕಾರರಿಗೆ, ಏಳು ಇದ್ದವು. ದನಗಳ ಪ್ರದರ್ಶನದ ಬಹುಮಾನ, ಓಟದ ಪಂದ್ಯದ ಬಹುಮಾನ, ಹೀಗೆ ಬಗೆಬಗೆಯವು. ತೂಕ ಕೇಳಿದೆ, ಹೇಳಿದ. ಅರ್ಧ ಬೆಲೆಗೆ ಕೇಳಿದೆ, ಕೊಟ್ಟ. ಏಳನ್ನೂ ಕರಗಿಸಿದರೆ ಕರಡಿಗೆ ಮಾಡಿಸಿ, ಮಿಕ್ಕಿದ್ದರಲ್ಲಿ ಕುಂಕುಮದ ಭರಣಿಯನ್ನೂ ಮಾಡಿಸಬಹುದೆಂದು ಮನಸ್ಸಿನಲ್ಲೇ ಅಕ್ಕನಿಗೆ ಅದನ್ನೂ ಕೊಟ್ಟುಬಿಟ್ಟೆ.

ಪೊಟ್ಟಣ ಬಂದ ದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಪರೀಕ್ಷೆಗೆ ಕೂತೆ. ಮೊದಲು ಅಯಸ್ಕಾಂತ ಹಿಡಿದೆ. ಯಾವುದೂ ಅಂಟಲಿಲ್ಲ, ಅಂದರೆ ಕಬ್ಬಿಣವಲ್ಲ. ಆಮೇಲೆ ಕಲ್ಲಿಗೆ ಉಜ್ಜಿದೆ. ಬಿಳಿ. ಇನ್ನೂ ಉಜ್ಜಿದೆ. ಬಿಳಿಯೇ. ಅನುಮಾನ ಬೇಡವೆಂದು ಓಟಗಾರನ ಪದಕದ ಅಂಚಿಗೆ ಅರ ಹಾಕಿ ಆಳವಾಗಿ ತೀಡಿದೆ. ಕೆಂಪು ಅನ್ನುವುದು ಎಲ್ಲೂ ಇರಲಿಲ್ಲ. ಆರು ಪದಕ ಹೀಗೆ ಪಾಸಾದವು. ಏಳನೆಯದರ ಮೇಲೆ ಎತ್ತಿನ ಚಿತ್ರವಿತ್ತು. ಅದು ಬಾಣಲೆಯ ತಳದಂತೆ ಕಪ್ಪಗಿತ್ತು. ಹೆಂಡತಿಯ ಕಾಲುಚೈನು ಕಪ್ಪಾದಾಗ ತೊಳೆದುಕೋ ಎಂದು ಹೇಳುವವನೇ ನಾನು. ಆದರೆ ವ್ಯಾಪಾರಕ್ಕೆ ಕೂತರೆ ನನ್ನ ತಲೆಯಲ್ಲಿ ಜರಿ ಬಿಟ್ಟು ಬೇರೇನೂ ಓಡುವುದಿಲ್ಲ. ಕಪ್ಪು ಕಂಡಿತು, ಕಲ್ಲಿಗೂ ಮುಟ್ಟಿಸದೆ ಜೇಬಿಗೆ ಹಾಕಿಕೊಂಡೆ.

ಮಾರನೆಯ ದಿನ ಹನೂರಿನ ಒಬ್ಬ ಅಜ್ಜಿಯ ಮನೆಯಲ್ಲಿ ಸೀರೆ ಸಿಕ್ಕಿತು. ಅಂಗೈ ಅಗಲದ ಅಂಚು, ಅಪ್ಪಟ ಬೆಳ್ಳಿ ಜರಿ. ಮುಖ ಸಪ್ಪಗೆ ಮಾಡಿಕೊಂಡು, ಸೀರೆ ಹರಿದಿದೆ, ಬಣ್ಣ ಹೋಗಿದೆ ಎಂದೆಲ್ಲ ಹೇಳಿ ವ್ಯಾಪಾರ ಕುದುರಿಸಿದೆ. ದುಡ್ಡು ಎಣಿಸಿಕೊಂಡ ಮೇಲೆ ಅಜ್ಜಿ ಕೊಸರು ಕೇಳಿತು. ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವಂತೆ ನಮ್ಮ ಕಡೆ ಸೀರೆ ಮಾರಿದವರೂ ಮೇಲೊಂದು ಕೇಳುತ್ತಾರೆ. ಕೊಡದೆ ಎದ್ದರೆ ಮುಂದಿನ ಸೀರೆ ಬೇರೆಯವನಿಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದು ಸ್ಟೀಲ್ ಲೋಟ ಕೊಡುತ್ತೇನೆ. ಅವತ್ತು ಲೋಟ ಉಳಿಸೋಣವೆಂದು ಜೇಬಿನ ಕಪ್ಪು ಪದಕ ತೆಗೆದು ಕೊಟ್ಟೆ. ಎತ್ತಿನ ಚಿತ್ರ ನೋಡಿ ಅಜ್ಜಿಗೆ ಖುಷಿಯೋ ಖುಷಿ.

ಎರಡು ದಿನ ಬಿಟ್ಟು ಆರು ಪದಕಗಳನ್ನು ಕಟ್ಟಿಕೊಂಡು ಯಳಂದೂರಿನ ಆಚಾರಿಯ ಹತ್ತಿರ ಹೊರಟೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕಾಯಿತು, ಆದರೂ ಸಿಳ್ಳೆ ಹಾಕಿಕೊಂಡೇ ಹೋದೆ. ಅಕ್ಕನ ಮನೆಯವರ ಒಡವೆಯನ್ನೆಲ್ಲ ಮಾಡುವ ಆಚಾರಿ ಇವರು. ಒಂದು ಪದಕವನ್ನು ಒರೆಗಲ್ಲಿಗೆ ಗೀಚಿ, ಗೆರೆಯ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟರು. ಗೆರೆ ಹಸಿರಾಗಿ ಮಾಯವಾಯಿತು. ಎರಡನೆಯದೂ ಹಸಿರು. ಆರನೆಯದರ ಹೊತ್ತಿಗೆ ಆಚಾರಿ ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು.

"ಅಣ್ಣ, ಇವುಗ್ಳಲ್ಲಿ ಬೆಳ್ಳಿದು ಬಣ್ಣ ಮಾತ್ರ. ತಾಮ್ರಕ್ಕೆ ನಿಕ್ಕಲ್ಲು, ಸತು ಸೇರ್ಸಿರೋದು. ಅರ ಹಾಕಿ ಅತ್ಲಾಗ್ ತೂತ್ ಮಾಡಿದ್ರೂ ಬಿಳೀನೆ ಬತ್ತದೆ."

ಜರಿಯಲ್ಲಿ ಹಾಗಾಗುವುದಿಲ್ಲವಲ್ಲ ಎಂದೆ. ಇದು ಸೀರೆಯಲ್ಲವಲ್ಲ ಎಂದರು. ಆಮೇಲೆ ಪೆಟ್ಟಿಗೆಯಿಂದ ಮಸಿಯಂತಿದ್ದ ಒಂದು ಕಾಲ್ಗೆಜ್ಜೆ ತೆಗೆದು ಗೀಚಿ, ಆಸಿಡ್ ಬಿಟ್ಟು, ಮೇಲೆ ಉಪ್ಪುನೀರಿನ ತೊಟ್ಟು ಹಾಕಿದರು. ಹಾಲು ಒಡೆದಂತೆ ಬೆಳ್ಳಗಾಯಿತು. ಇಟ್ಟಲ್ಲೇ ಇಟ್ಟರೆ ಬೆಳ್ಳಿ ಹೀಗೆ ಕಪ್ಪಾಗುತ್ತದೆ, ನಿಮಗೆ ಬಂದದ್ದರಲ್ಲಿ ಕಪ್ಪಗಿರುವುದು ಒಂದೂ ಇರಲಿಲ್ಲವೇ ಎಂದು ಕೇಳಿದರು.

ನಾನು ಬೈಕು ಹತ್ತಿ ಹನೂರಿನ ಕಡೆ ತಿರುಗಿಸಿದೆ.

ಹನೂರಿನಲ್ಲಿ ಅಜ್ಜಿ ಕೊಟ್ಟಿಗೆಯ ಮುಂದೆ ಕೂತು ಹುರುಳಿ ಕೇರುತ್ತಿತ್ತು. ಪಕ್ಕದಲ್ಲಿ ಒಂದು ಕಡಸು. ಅದರ ಕೊರಳಲ್ಲಿ ಕಪ್ಪು ದಾರ, ದಾರದಲ್ಲಿ ನನ್ನ ಪದಕ. ಒಲೆಬೂದಿಯಲ್ಲಿ ತಿಕ್ಕಿದ್ದರಿಂದ ಎತ್ತಿನ ಕೊಂಬು, ಬಾಲವೆಲ್ಲ ಬೆಳದಿಂಗಳಂತೆ ಹೊಳೆಯುತ್ತಿದ್ದವು. ಕಡಸು ನನ್ನ ಕಡೆ ನೋಡಿ ಮೆಲುಕು ಹಾಕಿತು.

ಆ ಪದಕ ನಮ್ಮ ತಾತನ ನೆನಪಿನದು, ಮರೆತು ಕೊಟ್ಟುಬಿಟ್ಟೆ, ಬದಲಿಗೆ ಎರಡು ಸ್ಟೀಲ್ ಲೋಟ ತಂದಿದ್ದೇನೆ ಎಂದೆ. ಅಜ್ಜಿ ಲೋಟಗಳನ್ನು ತೆಗೆದುಕೊಂಡು, ಬೆರಳಿನಿಂದ ಬಡಿದು ನೋಡಿ, ಪಕ್ಕಕ್ಕಿಟ್ಟುಕೊಂಡಿತು. ಆಮೇಲೆ ಕೇಳಿತು:

"ನನ್ ಸೀರೇಲಿ ಬೆಳ್ಳಿ ಎಷ್ಟಿತ್ತಪ್ಪ? ಮಾದಪ್ಪನ ಆಣೆ ಮಡಗಿ ಏಳು."

ಬೆಟ್ಟದ ಮಾದಪ್ಪನ ಆಣೆ ಇಟ್ಟ ಮೇಲೆ ಈ ಸೀಮೆಯಲ್ಲಿ ಸುಳ್ಳು ಹೇಳುವ ಗಂಡಸನ್ನು ನಾನು ಕಂಡಿಲ್ಲ. ವ್ಯಾಪಾರಿಗಳು ಆ ಮಾತು ಬರುವ ಮೊದಲೇ ಎದ್ದುಬಿಡಬೇಕು, ನಾನು ತಡಮಾಡಿದ್ದೆ. ಎಷ್ಟಿತ್ತೋ ಅಷ್ಟನ್ನೂ ಹೇಳಿದೆ. ನಾನು ಕೊಟ್ಟದ್ದು ಅದರ ಅರ್ಧಕ್ಕೂ ಬರುವುದಿಲ್ಲವೆಂಬುದು ಅಜ್ಜಿಗೆ ಮೊರದಲ್ಲಿ ಕೇರುತ್ತಲೇ ಲೆಕ್ಕ ಸಿಕ್ಕಿತು. ಕಡಸಿನ ಕೊರಳಲ್ಲಿರುವುದು ಏನು, ಅದನ್ನೂ ಹೇಳು ಎಂದಿತು. ಬೆಳ್ಳಿ ಎಂದೆ.

"ನನ್ ಸೀರೇಲಿ ಅಷ್ಟದೆ ಅಂತ ನಂಗೊತ್ತಿರ್ನಿಲ್ಲ. ಇದ್ರಲ್ಲಿ ಅದೆ ಅಂತ ನಿಂಗೊತ್ತಿರ್ನಿಲ್ಲ. ಅಲ್ಲಿಗಲ್ಲಿಗೆ ಸರಿಯೋಯ್ತು ಬುಡು. ದೃಷ್ಟಿಗೆ ಅಂತ ಕಟ್ಟಿದ್ನ ಬಿಚ್ಬಾರ್ದು."

ನ್ಯಾಯದಲ್ಲಿ ಎಲ್ಲಿಯಾದರೂ ಬಿರುಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಲೋಟಗಳನ್ನಾದರೂ ವಾಪಸ್ ಕೇಳೋಣ ಅನ್ನಿಸಿತು, ಕೇಳುವ ಮುಖ ಉಳಿದಿರಲಿಲ್ಲ.

ದೀಕ್ಷೆಗೆ ಇನ್ನು ಆರು ದಿನ. ಮತ್ತೆ ಯಳಂದೂರಿಗೆ ಹೋಗಿ ಆಚಾರಿಯ ಮುಂದೆ ಕೂತು, ಅವತ್ತಿನ ದರಕ್ಕೇ ಬೆಳ್ಳಿ ತೂಗಿಸಿ, ಅರವತ್ತು ಗ್ರಾಮಿನ ಕರಡಿಗೆ ಮಾಡಲು ಹೇಳಿದೆ. ಮಜೂರಿ ಎಷ್ಟೆಂದರು, ಕೊಟ್ಟೆ. ಆಚಾರಿ ದುಡ್ಡನ್ನು ಎರಡು ಸಲ ಎಣಿಸಿ, ಮೈ ಹುಷಾರಿಲ್ಲವೇ ಅಣ್ಣ ಎಂದು ವಿಚಾರಿಸಿದರು.

ದೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಕರಡಿಗೆಯನ್ನು ಅಕ್ಕನ ಕೈಗಿತ್ತೆ. ಮರುದಿನ ಪಡಸಾಲೆ ತುಂಬ ಬೀಗರು. ಸ್ವಾಮಿಗಳು ಲಿಂಗವನ್ನು ಅದರೊಳಗಿಟ್ಟರು, ಅಕ್ಕನ ಮಗಳು ಅದನ್ನು ಕೊರಳಿಗೆ ಕಟ್ಟಿಸಿಕೊಂಡು ಬಂದು ನನ್ನ ಕಾಲಿಗೆ ಬಿದ್ದಳು. ಬೀಗರ ಕಡೆಯ ಹಿರಿಯರೊಬ್ಬರು ಅದನ್ನು ಕಟ್ಟುವ ಮುಂಚೆಯೇ ಕೈಯಲ್ಲಿ ತೂಗಿ ನೋಡಿ ತಲೆದೂಗಿದ್ದರು. ಅಕ್ಕನ ಮುಖ ಅರಳಿತು. ನನಗೆ ಮಾತ್ರ ಒಳಗೊಳಗೇ ಚಡಪಡಿಕೆ. ಜೀವನದಲ್ಲಿ ಒಂದೇ ಒಂದು ಸಲ ಪೂರ್ತಿ ಬೆಲೆ ಕೊಟ್ಟು ಚೊಕ್ಕ ವಸ್ತು ತಂದಿದ್ದೇನೆ, ಅದನ್ನು ಯಾರೂ ಪರೀಕ್ಷೆ ಮಾಡುತ್ತಿಲ್ಲವಲ್ಲ! ಊಟಕ್ಕೆ ಕೂತಾಗ ಪಾಯಸ ಬಡಿಸಲು ಬಂದ ಅಕ್ಕನಿಗೆ, ಅನುಮಾನವಿದ್ದರೆ ಒರೆಗೆ ಹಚ್ಚಿಸಿ ನೋಡು ಎಂದೆ.

"ನೆನ್ನೆ ನೀನು ಅತ್ಲಾಗ್ ಓದೇಟ್ಗೇ ಹಚ್ಸ್‌ದೆ ಕಣ್ಲಾ," ಎಂದಳು, ಸೌಟು ಎತ್ತುತ್ತ. "ಆಚಾರ್ರು ಚೊಕ್ಕ ಅದೆ ಅಂದ್ರು. ನಂಗ್ ನಂಬ್ಕೆ ಬರ್ನಿಲ್ಲ, ಕೊಳ್ಳೇಗಾಲದಲ್ಲಿ ಇನ್ನೊಬ್ರ ತಾವೂ ಹಚ್ಸ್‌ದೆ."

ಆ ಕೊಳ್ಳೇಗಾಲದವರು ಪರೀಕ್ಷೆಗೆ ಎಷ್ಟು ತೆಗೆದುಕೊಂಡರು ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಒಂದು ಪೈಸೆಯೂ ಇಲ್ಲವಂತೆ. ತಂದುಕೊಟ್ಟವನು ಯಾರೆಂದು ಹೇಳಿದ ಕೂಡಲೇ ಅವರೇ ಅಂಗಡಿಯ ಇಬ್ಬರು ಗಿರಾಕಿಗಳನ್ನು ಕಾಯಿಸಿ, ಕನ್ನಡಕ ಹಾಕಿಕೊಂಡು, ನೋಡಲೇಬೇಕು ಎಂದು ಕೂತರಂತೆ.