ನನ್ನ ಸೊಂಟದ ಅಳತೆಯ ಕಟ್ಟೆ

ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ನೆಲದ ಮೇಲಿತ್ತು. ನಿಂತು ಬೇಯಿಸಿದ್ದು ದೇವರಿಗೆ ಸಲ್ಲುವುದಿಲ್ಲ ಎಂಬುದು ಅತ್ತೆಯ ನಿಯಮ. ಮಡಿಯುಟ್ಟು ನೈವೇದ್ಯದ ಅನ್ನ ಮಾಡುವವರು ಅವರು; ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಉಳಿದ ಅಡುಗೆಯೆಲ್ಲ ನನ್ನದು, ಅದೂ ಕುಕ್ಕರಗಾಲಿನಲ್ಲಿ ಕೂತು. ಸಿರುಗುಪ್ಪದ ನನ್ನ ತವರಿನಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಇತ್ತು. ಕುರುಗೋಡಿನ ನಾದಿನಿಯ ಮನೆಯಲ್ಲೂ ಇತ್ತು. ಮಗಳು ನಿಂತು ಬೇಯಿಸಿದ್ದನ್ನು ಅತ್ತೆ ಉಂಡು ಬರುತ್ತಿದ್ದರು.

ನನ್ನ ಮೊಣಕಾಲು ಹಿಡಿದುಕೊಳ್ಳತೊಡಗಿದಾಗ, ಒಂದು ಕಟ್ಟೆ ಕಟ್ಟಿಸೋಣವೇ ಎಂದು ಅತ್ತೆಯನ್ನು ಕೇಳಿದೆ.

"ಹರೇದಾಕಿಗೆ ಮೊಣಕಾಲ್ ನೋವೇನು? ಮೈ ಬಗ್ಗೂದಿಲ್ಲ ಅನ್ನು."

ಹೀಗೆಂದರೋ, ಬರೇ ನಕ್ಕರೋ. ಈ ಮಾತನ್ನು ಎಷ್ಟು ಸಲ ಒಳಗೆ ಆಡಿಸಿದ್ದೇನೆಂದರೆ, ಅದರ ದನಿ ಈಗ ನನ್ನದೇ ಆಗಿಹೋಗಿದೆ. ನೋವು ಮಾತ್ರ ನಾನು ಕಟ್ಟಿದ ಕಥೆಯಲ್ಲ.

ಹೋದ ವರ್ಷ ಅವರೂ ಗೋಡೆ ಹಿಡಿದು ಏಳುವಂತಾಯಿತು. ಇಬ್ಬರೂ ಎಲುಬಿನ ಡಾಕ್ಟರ ಬಳಿ ಹೋದೆವು. ಅವರು ಎರಡೂ ಎಕ್ಸ್‌ರೇಗಳನ್ನು ಅಕ್ಕಪಕ್ಕ ಹಿಡಿದು ವಿವರಿಸಿದರು. ಕೀಲಿನ ಮೆತ್ತೆಯಾದ ಮೃದ್ವಸ್ಥಿಯಲ್ಲಿ ಜೀವಕೋಶಗಳಿರುತ್ತವೆ. ಅವುಗಳೊಳಗೆ ಹುಟ್ಟುವ ವಿಷವನ್ನು ಕೆಲವು ಕಿಣ್ವಗಳು ಮುರಿಯುತ್ತ ಅವನ್ನು ಕಾಯುತ್ತವೆ. ವಯಸ್ಸು, ಮೈಭಾರ, ವರ್ಷಗಟ್ಟಲೆ ಕುಕ್ಕರಿಸಿದ್ದು ಎಲ್ಲ ಸೇರಿ ಆ ಕಾವಲು ಸೋತರೆ ಕೋಶಗಳು ಸಾಯುತ್ತವೆ. ಸತ್ತವುಗಳ ಜಾಗ ತುಂಬುವುದಿಲ್ಲವೆಂದೇ ಹೇಳಬೇಕು. ಮೃದ್ವಸ್ಥಿಗೆ ನರವಿಲ್ಲ, ಹಾಗಾಗಿ ಸಾವು ಗೊತ್ತಾಗುವುದೂ ಇಲ್ಲ.

ಅಂದರೆ ನಾನು ನೋವೆಂದು ಬಾಯಿಬಿಡುವ ಹೊತ್ತಿಗೇ ಒಳಗೆ ಬಹಳ ಸತ್ತಿದ್ದವು. ಅತ್ತೆಯವೂ ಹಾಗೆಯೇ ಸತ್ತಿವೆ ಎಂದು ಕೇಳಿ ನನಗೆ ಸಂತೋಷವಾಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಆಟೋದಲ್ಲಿ ಅವರೇ ಮಾತು ತೆಗೆದರು. "ಒಲಿ ಮ್ಯಾಲೆ ಏರಿಸೂಣು. ದೇವರ ಅಡಿಗಿ ಬಿಡಾಕ ನನ್ನಿಂದ ಆಗೂದಿಲ್ಲ."

"ನಿಂತು ಮಾಡಿದ್ದು ಸಲ್ಲೂದಿಲ್ಲಲ್ರಿ?"

"ಡಾಕ್ಟರ್ ಹೇಳ್ಯಾರಲ್ಲ."

ನನ್ನ ಮೊಣಕಾಲಿಗೆ ಸಿಗದ ದೇವರ ಅನುಮತಿ ಅವರದಕ್ಕೆ ಆಟೋ ಮನೆ ಮುಟ್ಟುವಷ್ಟರಲ್ಲಿ ಸಿಕ್ಕಿತು.

ಗಾರೆಯವನು ಅಳತೆಗೆ ಬಂದಾಗ ಅತ್ತೆ ಮಡಿಯಲ್ಲಿದ್ದರು, ಅವರನ್ನು ಮುಟ್ಟುವಂತಿರಲಿಲ್ಲ. ಟೇಪಿನ ಮುಂದೆ ನಾನು ನಿಂತೆ. ಅವರಿಗಿಂತ ಒಂದು ಗೇಣು ಎತ್ತರದವಳು ನಾನು. ಕಟ್ಟೆ ನನ್ನ ಸೊಂಟದ ಮಟ್ಟಕ್ಕೆ ಬರಲಿ ಎಂದು ನೆಟ್ಟಗೆ ನಿಂತೆ. ಹಿಮ್ಮಡಿ ಎತ್ತಿದೆನೇ? ಇಲ್ಲಿ ನೆನಪನ್ನು ನಂಬಲಾರೆ; ಎತ್ತಿರಲಿ ಎಂದು ಈಗಲೂ ಆಸೆ.

ಹೊಸ ಕಟ್ಟೆಯ ಮೊದಲ ದಿನ ಪಾತ್ರೆಯ ಅಂಚು ಅವರ ಗಲ್ಲದ ಮಟ್ಟಕ್ಕೆ ಬಂತು. ಮಣೆ ಹತ್ತಲು ಮೊಣಕಾಲು ಒಪ್ಪಲಿಲ್ಲ. ತೋಳೆತ್ತಿ ಸೌಟು ಆಡಿಸಿದರು, ಒಳಗೇನಾಗಿದೆಯೆಂದು ಕಾಣಲಿಲ್ಲ. ಮಡಿಯಿಲ್ಲದ ನಾನು ಹೊಸ್ತಿಲಾಚೆ ನಿಂತಿದ್ದೆ.

"ಅನ್ನ ಆತೇನು, ಮುಟ್ಟದಂಗ ಒಂದೀಟು ನೋಡು" ಎಂದರು. ಬೇಡಿಕೊಂಡಂತಿತ್ತು.

ಕುದಿಯುವ ಸದ್ದು ಆಗಲೇ ನಿಂತಿತ್ತು. ನೀರು ಇಂಗಿತೆಂದು ನನಗೆ ಗೊತ್ತಾಗಿತ್ತು.

"ದೇವರ ಅನ್ನ ಅಲ್ಲೇನ್ರಿ, ನೀವೇ ನೋಡ್ರಿ" ಎಂದೆ.

ಸೀದ ವಾಸನೆ ಏಳುವವರೆಗೂ ಅವರು ನನ್ನ ಕಡೆಯಿಂದ ಮುಖ ತಿರುಗಿಸಲಿಲ್ಲ, ನಾನೂ ಅಲ್ಲಿಂದ ಕದಲಲಿಲ್ಲ.